ಲೋಕದ ಮೊದಲ ತುರಿಕೆ

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಒಂದು ಕಡೆ ಕೂತು, ಅಲ್ಲಿ ಸರಿಹೋಗದೆ, ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತಿದ್ದವು. ತಾನು ಯಾವ ಕಡೆಗೆ ಹರಿಯಬೇಕು ಎಂಬುದು ಹೊಳೆಗೆ ಮೊನ್ನೆ ಮೊನ್ನೆ ತಿಳಿದಿತ್ತು. ಗಾಳಿಗೆ, ನೀರಿಗೆ, ಹಸುವಿಗೆ, ಇರುವೆಗೆ, ಮನುಷ್ಯರಿಗೆ ಎಲ್ಲರಿಗೂ ಒಂದೇ ಮಾತು. ಯಾರು ಯಾರನ್ನು ಬೇಕಾದರೂ ನಿಲ್ಲಿಸಿ, "ಊಟ ಆಯ್ತಾ?" ಎಂದು ಕೇಳಬಹುದಿತ್ತು.

ಆಗ ಲೋಕದಲ್ಲಿ ತುರಿಕೆ ಎನ್ನುವುದೇ ಇರಲಿಲ್ಲ. ಆ ಪದವೂ ಇರಲಿಲ್ಲ. ಉಗುರುಗಳೇನೋ ಇದ್ದವು. ಆದರೆ ಅವು ಇರುವುದು ನೆಲ ಬಗೆಯಲು, ಹಣ್ಣು ಸುಲಿಯಲು ಎಂದು ಎಲ್ಲರೂ ತಿಳಿದಿದ್ದರು.

ಆ ಹೊಳೆಯ ದಂಡೆಯಲ್ಲಿ ದುರುಗಕ್ಕ ಎಂಬ ಹೆಂಗಸು ಇದ್ದಳು. ಜೊಂಡುಹುಲ್ಲನ್ನು ಕೊಯ್ದು, ಒಣಗಿಸಿ, ಸೀಳಿ, ಚಾಪೆ ಹೆಣೆಯುವುದು ಅವಳ ಕೆಲಸ. ಅವಳ ಗುಡಿಸಲ ಪಕ್ಕದಲ್ಲೇ ಕೆಂದಿ ಎಂಬ ಕೆಂಪು ಹಸು ಇತ್ತು. ದುರುಗಕ್ಕ ಹೆಣೆಯುವಾಗ ಕೆಂದಿ ಮೆಲುಕು ಹಾಕುತ್ತಾ ಮಾತಾಡುತ್ತಿತ್ತು. ಕೆಂದಿ ಮಾತು ಶುರು ಮಾಡಿದರೆ ಒಂದು ಚಾಪೆ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ನಾಯಿಗಳೆಲ್ಲ ಆಗ ಕಾಡಿನಲ್ಲೇ ಇದ್ದವು. ಉದ್ದ ಕಾಲಿನ, ದೊಡ್ಡ ಬಾಯಿಯ ನಾಯಿಗಳು. ಅವುಗಳ ಗುಂಪಿನಲ್ಲಿ ಒಂದು ಮಾತ್ರ ತೀರಾ ಗಿಡ್ಡ. ಗುಂಪು ಓಡಿದಾಗಲೆಲ್ಲ ಅದು ಹಿಂದೆ ಬೀಳುತ್ತಿತ್ತು. ಒಂದು ದಿನ ಹಿಂದೆ ಬಿದ್ದದ್ದು ಹಿಂದೆಯೇ ಉಳಿಯಿತು. ದಾರಿ ತಪ್ಪಿ, ಹೊಳೆ ಈಜಿ, ನೇರ ಬಂದು ದುರುಗಕ್ಕ ಅರ್ಧ ಹೆಣೆದಿದ್ದ ಚಾಪೆಯ ಮೇಲೆ ಮಲಗಿಬಿಟ್ಟಿತು.

"ಯಾರಪ್ಪ ನೀನು?" ಎಂದಳು ದುರುಗಕ್ಕ.

"ನಾಯಿ."

"ಇಷ್ಟೇನಾ?"

"ಇಷ್ಟೇ," ಎಂದಿತು ನಾಯಿ, ಒಂದು ಕಣ್ಣು ಮಾತ್ರ ತೆರೆದು.

ದುರುಗಕ್ಕ ನಕ್ಕಳು. ಅದರ ಮೈಬಣ್ಣ ನೋಡಿ, ಗಾತ್ರ ನೋಡಿ, ಕಡ್ಲೆ ಎಂದು ಹೆಸರಿಟ್ಟಳು. ಮನುಷ್ಯರ ಜೊತೆ ಬಾಳಲು ಬಂದ ಮೊದಲ ನಾಯಿ ಅದೇ.

ಊರಿಗೆಲ್ಲ ಕಡ್ಲೆ ಎಂದರೆ ಪ್ರಾಣ. ಅದು ಯಾರ ಮನೆ ಮುಂದೆ ಹೋಗಿ ಬಾಲ ಆಡಿಸಿದರೂ ಬರಿಹೊಟ್ಟೆಯಲ್ಲಿ ಬರುತ್ತಿರಲಿಲ್ಲ. ಒಬ್ಬರು ರಾಗಿಮುದ್ದೆ ಮುರಿದು ಕೊಟ್ಟರು. ಒಬ್ಬರು ಮೊಟ್ಟೆ ಒಡೆದು ಹುಯ್ದರು. ಪಕ್ಕದ ಮನೆಯ ಪಾಲಕ್ಕ ಗೋಧಿರೊಟ್ಟಿಗೆ ಬೆಲ್ಲ ಸವರಿ ಕೊಡುತ್ತಿದ್ದಳು. ಇನ್ನು ದುರುಗಕ್ಕನಂತೂ ಕೆಂದಿಯ ಹಾಲು ಕಾಯಿಸಿ, ಆರಿಸಿ, ಮೇಲಿನ ಕೆನೆಯನ್ನು ಬೆರಳಲ್ಲಿ ತೆಗೆದು ನೆಕ್ಕಿಸುತ್ತಿದ್ದಳು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ.

ಕಡ್ಲೆ ಎಲ್ಲವನ್ನೂ ಒಂದೇ ಗುಟುಕಿಗೆ ನುಂಗುತ್ತಿತ್ತು. ಏನು ಕೊಟ್ಟರು ಎಂದು ನೋಡುತ್ತಲೂ ಇರಲಿಲ್ಲ. ಕೊಟ್ಟರಲ್ಲ, ಅಷ್ಟು ಸಾಕು.

ಒಂದು ಬೆಳಗ್ಗೆ ದುರುಗಕ್ಕ ಜೊಂಡು ಸೀಳುತ್ತಿದ್ದಾಗ ಬೆನ್ನ ಹಿಂದೆ ಸದ್ದಾಯಿತು. ಪರ ಪರ ಪರ. ಪರ ಪರ ಪರ. ಅಂಥ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ತಿರುಗಿ ನೋಡಿದಳು. ಕೈಯಲ್ಲಿದ್ದ ಕತ್ತಿ ಕೆಳಗೆ ಬಿತ್ತು.

ಕಡ್ಲೆಯ ಹಿಂಗಾಲು ಮೇಲೆದ್ದು, ಕಡ್ಲೆಯ ಕಿವಿಯ ಹಿಂದೆ ಬಡಿಯುತ್ತಿತ್ತು. ಒಂದೇ ಸಮನೆ ಬಡಿಯುತ್ತಿತ್ತು. ಕೂದಲು ಉದುರಿ ಚಾಪೆಯ ತುಂಬ ಹರಡಿತ್ತು.

"ಅವ್ವಾ!" ಎಂದು ಕಡ್ಲೆ ಕೂಗಿತು. "ಅವ್ವಾ, ನನ್ನ ಕಾಲು ನನ್ನನ್ನೇ ಹೊಡೀತಿದೆ!"

"ನಿಲ್ಸೋ! ಕಾಲು ನಿಲ್ಸೋ!"

"ನಿಲ್ತಾ ಇಲ್ಲವ್ವಾ! ಹೊಡೆದ್ರೆ ಹಿತವಾಗತ್ತೆ, ಬಿಟ್ರೆ ಉರಿಯತ್ತೆ. ಚರ್ಮದ ಒಳಗೆ ಯಾರೋ ಓಡಾಡ್ತಿದಾರೆ!"

ದುರುಗಕ್ಕ ಅದರ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಕಡ್ಲೆ ಹೊಟ್ಟೆ ಕಚ್ಚಿಕೊಳ್ಳತೊಡಗಿತು. ಬಾಯಿ ಹಿಡಿದಳು. ಬೆನ್ನನ್ನು ಗೋಡೆಗೆ ಉಜ್ಜತೊಡಗಿತು. ಹೊಟ್ಟೆಯ ಕೆಳಗೆ ಚರ್ಮ ಕೆಂಡದ ಹಾಗೆ ಕೆಂಪಾಗಿತ್ತು. ಕಿವಿಯ ಹಿಂದೆ ರಕ್ತ ಜಿನುಗುತ್ತಿತ್ತು.

ಒಂದು ಜೀವ ತನ್ನನ್ನು ತಾನೇ ಹರಿದುಕೊಳ್ಳುವುದನ್ನು ಆ ಹೊಸ ಲೋಕದಲ್ಲಿ ಯಾರೂ ಕಂಡಿರಲಿಲ್ಲ. ನೀರು ತರುತ್ತಿದ್ದ ಪಾಲಕ್ಕ ಬಾಗಿಲಲ್ಲೇ ನಿಂತಳು. ಅವಳ ತಲೆಯ ಮೇಲಿನ ಕೊಡ ಜಾರಿ ಒಡೆಯಿತು. ಅದು ಒಡೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಊರೆಲ್ಲ ಓಡಿ ಬಂತು. ಬಂದವರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತರು. ಕೆಲವರು ಮೆಲ್ಲಗೆ ತಮ್ಮ ತಮ್ಮ ಉಗುರುಗಳನ್ನು ನೋಡಿಕೊಂಡರು.

ಊರ ಹಿರಿಯ ಕಾಟಯ್ಯನೂ ಬಂದ. ಗುಡ್ಡಕ್ಕೆ ಗುಡ್ಡ ಎಂದು, ಹಳ್ಳಕ್ಕೆ ಹಳ್ಳ ಎಂದು ಹೆಸರಿಟ್ಟವನೇ ಅವನು. ಹೊಸದು ಏನು ಕಂಡರೂ ಜನ ಅವನ ಮುಖ ನೋಡುತ್ತಿದ್ದರು.

ಕಾಟಯ್ಯ ಬಗ್ಗಿ ಕಡ್ಲೆಯ ಕಾಲನ್ನೇ ನೋಡಿದ. ಆಮೇಲೆ, "ತೆಂಗಿನಕಾಯಿ ತುರಿದ ಹಾಗೆ ಮೈ ತುರ್ಕೊಳ್ತಿದೆ," ಎಂದ. "ಇದು ತುರಿಕೆ."

ಹೆಸರು ಬಂದ ಕೂಡಲೇ ಜನ ಇನ್ನೂ ಹೆದರಿದರು.

"ನಮಗೂ ಅಂಟ್ಕೊಂಡ್ರೆ?" ಎಂದರು ಯಾರೋ. "ಮಕ್ಕಳಿಗೆ ಬಂದ್ರೆ?" ಎಂದರು ಇನ್ಯಾರೋ. ನಿನ್ನೆ ಬೆಲ್ಲ ಸವರಿದ ರೊಟ್ಟಿ ಕೊಟ್ಟಿದ್ದ ಪಾಲಕ್ಕ ಇವತ್ತು ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಇದನ್ನ ಹೊಳೆ ಆಚೆಗೆ ಬಿಟ್ಟು ಬರಬೇಕು," ಎಂದ ಕಾಟಯ್ಯ. ಹಾಗೆ ಹೇಳುವಾಗ ಅವನು ಕಡ್ಲೆಯ ಕಡೆ ನೋಡಲಿಲ್ಲ.

ಹೊಳೆಯ ಆಚೆ ಚಿರತೆ ಇತ್ತು. ದೊಡ್ಡ ನಾಯಿಗಳೇ ಅಲ್ಲಿಂದ ದೂರ ಹೋಗಿದ್ದವು. ಮೊಣಕಾಲುದ್ದವೂ ಇಲ್ಲದ ನಾಯಿ ಅಲ್ಲಿ ಒಂದು ದಿನವೂ ಉಳಿಯದು. ಅದು ಎಲ್ಲರಿಗೂ ಗೊತ್ತಿತ್ತು.

ದುರುಗಕ್ಕ ಕಡ್ಲೆಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. "ಇದನ್ನ ಮುಟ್ಟಿದೀನಿ, ಎತ್ಕೊಂಡಿದೀನಿ. ಅಂಟೋದಾದ್ರೆ ನನಗೆ ಮೊದಲು ಅಂಟ್ಲಿ. ಇದು ಎಲ್ಲಿಂದ ಬಂತು ಅಂತ ಹುಡುಕ್ತೀನಿ. ನನಗೆ ದಿನ ಕೊಡಿ."

ಕಾಟಯ್ಯ ಆಕಾಶ ನೋಡಿದ. "ಎರಡು ಹುಣ್ಣಿಮೆ," ಎಂದ. "ಎರಡನೇ ಹುಣ್ಣಿಮೆ ಚಂದ್ರ ಹುಟ್ಟೋ ಹೊತ್ತಿಗೆ ಇದು ವಾಸಿಯಾಗಿರಬೇಕು."

ದುರುಗಕ್ಕ ಅವತ್ತೇ ಹೊರಟಳು. ಮೊದಲು ಸಿಕ್ಕಿದ್ದು ಚಿಗಟ.

"ನೀನೇ ಅಲ್ವೇನೋ ಇದರ ಮೈಯಲ್ಲಿ ಓಡಾಡ್ತಿರೋದು?"

"ನಾನಾ?" ಚಿಗಟ ಗಾಬರಿಯಲ್ಲಿ ಮೂರು ಮೊಳ ಮೇಲೆ ಹಾರಿತು. "ತಾಯಿ, ನಾನು ಹುಟ್ಟಿದ್ದೇ ನಿನ್ನೆ! ಇನ್ನೂ ಕಚ್ಚೋಕೇ ಬರಲ್ಲ!" ದುರುಗಕ್ಕ ಕಡ್ಲೆಯ ಕೂದಲು ಬಿಡಿಸಿ ಬಿಡಿಸಿ ನೋಡಿದಳು. ಬಾಲದ ಬುಡದಿಂದ ಕಿವಿಯ ತುದಿವರೆಗೆ ನೋಡಿದಳು. ಒಂದು ಹುಳವೂ ಇರಲಿಲ್ಲ.

ಆಮೇಲೆ ಗಾಳಿಯನ್ನು ಕೇಳಿದಳು. "ನೀನು ತರೋ ದೂಳಿನಿಂದ ಹೀಗಾಯ್ತಾ?"

ಗಾಳಿಗೆ ಕೋಪ ಬಂತು. "ನಾನು ಬರೀ ನಿನ್ನ ಗುಡಿಸಲಿಗೆ ಬೀಸ್ತೀನಾ? ದೂಳು ಕೆಂದಿ ಮೇಲೂ ಬೀಳತ್ತೆ, ನಿನ್ನ ಮೇಲೂ ಬೀಳತ್ತೆ. ನೀವ್ಯಾಕೆ ಹರ್ಕೊಳ್ತಿಲ್ಲ?" ಎಂದು ಬಾಗಿಲು ಬಡಿದು ಹೋಯಿತು.

ಕೊನೆಗೆ ಹೊಳೆಯ ಹತ್ತಿರ ಬಂದಳು. ಕಡ್ಲೆಯನ್ನು ನೀರಿಗಿಳಿಸಿ ಸ್ನಾನ ಮಾಡಿಸಿದಳು. ಮಾರನೇ ದಿನವೂ ಮಾಡಿಸಿದಳು. ಮೂರನೇ ದಿನವೂ ಮಾಡಿಸಿದಳು. ನೀರಲ್ಲಿದ್ದಷ್ಟು ಹೊತ್ತು ಕಡ್ಲೆ ಕಣ್ಣು ಮುಚ್ಚಿ ಸುಮ್ಮನಿರುತ್ತಿತ್ತು. ದಡ ಹತ್ತಿದ ಕೂಡಲೇ ಪರ ಪರ ಪರ.

ಮೂರನೇ ದಿನ ಹೊಳೆಯೇ ಮಾತಾಡಿತು. "ದುರುಗಿ, ಹೊರಗಿಂದ ಎಷ್ಟು ತೊಳೀತೀಯ?"

"ಮತ್ತೇನು ಮಾಡ್ಲವ್ವ?"

"ನನ್ನ ನೀರು ಕೆಲವು ಸಲ ಕೆಂಪಾಗತ್ತೆ, ನೋಡಿದೀಯಲ್ಲ? ಆಗ ನಾನು ನನ್ನ ಮೈ ನೋಡ್ಕೊಳ್ಳಲ್ಲ. ಮೇಲೆ ಯಾವ ಹಳ್ಳ ಬಂದು ಸೇರ್ತು ಅಂತ ನೋಡ್ತೀನಿ. ನಿನ್ನ ಕಡ್ಲೆಯೊಳಗೆ ದಿನಕ್ಕೆ ಎಷ್ಟು ಹಳ್ಳ ಸೇರ್ತಾವೆ?"

ದುರುಗಕ್ಕನಿಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಊರಿನ ಕೈಗಳೆಲ್ಲ ಕಣ್ಣ ಮುಂದೆ ಬಂದವು. ರಾಗಿಯ ಕೈ, ಮೊಟ್ಟೆಯ ಕೈ, ಗೋಧಿಯ ಕೈ, ಬೆಲ್ಲದ ಕೈ.

"ಊಟನಾ?" ಎಂದಳು. "ಉಣ್ಣೋದ್ರಿಂದ ಯಾರಿಗಾದ್ರೂ ಹೀಗಾಗತ್ತಾ?"

"ಎಲ್ಲರಿಗೂ ಅಲ್ಲ. ಇದಕ್ಕೆ ಆಗ್ತಿರಬಹುದು. ಇದು ಪುಟ್ಟ ಜೀವ, ತೆಳು ಚರ್ಮ. ಕಾಡಿನಿಂದ ಬಂದದ್ದು, ನಿಮ್ಮ ಊಟ ಅದರ ಮೈಗೆ ಹೊಸದು. ಎಲ್ಲ ಹಳ್ಳಾನೂ ಕಟ್ಟು. ಅದು ಇವತ್ತಿನ ತನಕ ಬಾಯಿಗೇ ಇಟ್ಟಿರದ ಒಂದು ಕಾಳು, ಒಂದು ಅನ್ನ ಮಾತ್ರ ಕೊಡು. ನೀರು ತಿಳಿಯಾಗೋ ತನಕ ಕಾಯಿ. ಆಮೇಲೆ ಒಂದೊಂದೇ ಹಳ್ಳ ಬಿಡು. ಯಾವುದು ಬಂದಾಗ ಕೆಂಪಾಗತ್ತೋ ಅದೇ."

ದುರುಗಕ್ಕ ಮನೆಗೆ ಬಂದು ಸಾಮೆ ಅಕ್ಕಿಯ ಅನ್ನ ಮಾಡಿದಳು. ಹುರುಳಿಕಾಳನ್ನು ಹಣ್ಣಾಗಿ ಬೇಯಿಸಿ, ಕಿವುಚಿ, ಅದಕ್ಕೆ ಕಲಸಿದಳು. ಉಪ್ಪಿಲ್ಲ, ಒಗ್ಗರಣೆ ಇಲ್ಲ. ಎರಡನ್ನೂ ಕಡ್ಲೆ ಎಂದೂ ತಿಂದಿರಲಿಲ್ಲ.

ಊರಿನ ಮನೆ ಮನೆಗೂ ಹೋಗಿ ದೂರದಿಂದಲೇ ಕೈ ಮುಗಿದಳು. "ಕಡ್ಲೆಗೆ ಯಾರೂ ಏನೂ ಕೊಡಬೇಡಿ. ಒಂದು ತುತ್ತೂ ಬೇಡ."

"ಅಯ್ಯೋ, ಉಪವಾಸ ಹಾಕ್ತೀಯಾ?" ಎಂದಳು ಪಾಲಕ್ಕ.

"ಉಪವಾಸ ಅಲ್ಲ ಪಾಲಕ್ಕ. ಹೊಟ್ಟೆ ತುಂಬ ಕೊಡ್ತೀನಿ. ಆದ್ರೆ ಒಂದನ್ನೇ ಕೊಡ್ತೀನಿ."

ಮೊದಲ ವಾರ ಏನೂ ಆಗಲಿಲ್ಲ. ಕಡ್ಲೆ ಸಾಮೆ ಅನ್ನ ತಿಂದಿತು, ತುರಿಸಿಕೊಂಡಿತು. ಎರಡನೇ ವಾರವೂ ತಿಂದಿತು, ತುರಿಸಿಕೊಂಡಿತು. ದುರುಗಕ್ಕ ಅದರ ಗಾಯಕ್ಕೆ ತಣ್ಣೀರು ಬಟ್ಟೆ ಹಾಕುತ್ತಾ, ಚಂದ್ರ ದೊಡ್ಡದಾಗುವುದನ್ನು ನೋಡುತ್ತಾ ಕೂರುತ್ತಿದ್ದಳು. ಮೊದಲ ಹುಣ್ಣಿಮೆ ಬಂತು, ಹೋಯಿತು. ಅದಾದ ನಾಲ್ಕನೇ ದಿನ ಕಡ್ಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ನಿದ್ದೆ ಮಾಡಿತು. ಕಾಲು ಅಲುಗಲಿಲ್ಲ. ಹೊಟ್ಟೆಯ ಕೆಂಪು ಇಳಿದಿತ್ತು. ಕಿವಿಯ ಹಿಂದೆ ಬೋಳಾಗಿದ್ದ ಕಡೆ ಹೊಸ ಕೂದಲು ಹುಲ್ಲಿನ ಮೊಳಕೆಯಂತೆ ತಲೆ ಎತ್ತಿತ್ತು.

ದುರುಗಕ್ಕ ಕೆಂದಿಯ ಕೊರಳು ತಬ್ಬಿಕೊಂಡಳು.

ಅವತ್ತು ಸಂಜೆ ಅವಳು ಹಾಲು ಕರೆಯುವಾಗ ಕಡ್ಲೆ ಬಂದು ಎದುರಿಗೆ ಕೂತಿತು. ಬಾಲ ಆಡಿಸಿತು. ತಲೆ ಓರೆ ಮಾಡಿತು. "ಅವ್ವಾ, ದಿನಾ ಸಾಮೆ, ದಿನಾ ಹುರುಳಿ. ಒಂದು ಬೆರಳು ಕೆನೆ ಕೊಡವ್ವಾ."

"ಬೇಡ ಮಗಾ."

"ಕೆನೆ ಊಟ ಅಲ್ವಲ್ಲವ್ವಾ. ಬರೀ ಬೆರಳು."

ದುರುಗಕ್ಕ ಅದರ ಮುಖ ನೋಡಿದಳು. ಇಷ್ಟು ದಿನ ನರಳಿದ ಜೀವ. ಊರೆಲ್ಲ ಕೊಟ್ಟದ್ದು ಬೇರೆ, ತಾನು ಕೊಡುವುದು ಬೇರೆ ಎಂದುಕೊಂಡಳು. ಪ್ರೀತಿಯಿಂದ ಕೊಟ್ಟದ್ದು ಏನು ಮಾಡೀತು? ಬೆರಳನ್ನು ಕೆನೆಗೆ ಅದ್ದಿ ಮುಂದೆ ಚಾಚಿದಳು. ಕಡ್ಲೆ ಕಣ್ಣು ಮುಚ್ಚಿ ನೆಕ್ಕಿತು.

ಮಾರನೇ ಬೆಳಗ್ಗೆ ಪರ ಪರ ಪರ ಎಂಬ ಸದ್ದಿಗೆ ಅವಳಿಗೆ ಎಚ್ಚರವಾಯಿತು.

ಹೊಸ ಕೂದಲು ಉದುರಿತ್ತು. ಹೊಟ್ಟೆ ಮತ್ತೆ ಕೆಂಪಾಗಿತ್ತು. ಕಡ್ಲೆ ತನ್ನ ಪಾದವನ್ನು ತಾನೇ ಕಚ್ಚುತ್ತಾ, "ಅವ್ವಾ, ಅವ್ವಾ," ಎಂದು ಅಳುತ್ತಿತ್ತು.

ದುರುಗಕ್ಕ ಎದ್ದು ಕೂತಳು. ಊರಿನ ಯಾವ ಕೈಯೂ ಅದನ್ನು ಮುಟ್ಟಿರಲಿಲ್ಲ. ಗಾಳಿ ಬೀಸಿರಲಿಲ್ಲ. ಹುಳ ಬಂದಿರಲಿಲ್ಲ. ನಿನ್ನೆ ಹೊಸದಾಗಿ ಸೇರಿದ ಹಳ್ಳ ಒಂದೇ. ಅವಳು ತನ್ನ ತೋರುಬೆರಳನ್ನು ಮುಖದ ಹತ್ತಿರ ತಂದು ನೋಡಿದಳು. ಅದು ಬೇರೆ ಯಾರದೋ ಬೆರಳು ಎಂಬಂತೆ ನೋಡಿದಳು.

"ನಾನಾ?" ಎಂದಳು. "ಇಷ್ಟು ದಿನ ನಾನೇನಾ?"

ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ.

ಕೆಂದಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಹುಟ್ಟಿದಾಗಿನಿಂದ ಅದು ಮೆಲುಕು ನಿಲ್ಲಿಸಿದ್ದು ಅದೇ ಮೊದಲು.

"ನನ್ನ ಹಾಲಾ?" ಎಂದಿತು ಕೆಂದಿ. "ನನ್ನ ಕರು ಅದನ್ನೇ ಕುಡಿದು ಗುಂಡಗಾಯ್ತು. ನೀನೂ ಕುಡೀತೀಯ. ನನ್ನ ಹಾಲಲ್ಲಿ ವಿಷ ಇದೆಯೇನೇ ದುರುಗಿ?"

"ಇಲ್ಲ ತಾಯಿ, ಇಲ್ಲ," ದುರುಗಕ್ಕ ಎದ್ದು ಅದರ ಹಣೆಗೆ ಹಣೆ ಇಟ್ಟಳು. "ನಿನ್ನ ಹಾಲು ಹಾಲೇ. ಇದರ ಮೈಗೆ ಅದು ಒಗ್ಗಲ್ಲ, ಅಷ್ಟೇ. ನಮಗೆ ತಿಳೀಲಿಲ್ಲ."

"ಆ ಪುಟ್ಟದು ನನ್ನ ಕಾಲ ಸಂದಿಯಲ್ಲಿ ಮಲಗ್ತಿತ್ತು," ಎಂದಿತು ಕೆಂದಿ. ಅಷ್ಟು ಮಾತಾಡುವ ಹಸು ಆಮೇಲೆ ಅವತ್ತಿಡೀ ಒಂದು ಮಾತೂ ಆಡಲಿಲ್ಲ.

ಎರಡನೇ ಹುಣ್ಣಿಮೆಗೆ ಇನ್ನು ಇಪ್ಪತ್ತನಾಲ್ಕು ದಿನ. ದುರುಗಕ್ಕ ಮತ್ತೆ ಸಾಮೆ ಬಸಿದಳು, ಹುರುಳಿ ಬೇಯಿಸಿದಳು. ಈ ಸಲ ಕಡ್ಲೆ ಎಷ್ಟು ತಲೆ ಓರೆ ಮಾಡಿದರೂ ಅವಳು ಕರಗಲಿಲ್ಲ. ಮೈ ತಿಳಿಯಾದ ಮೇಲೆ ಒಂದು ಚೂರು ರಾಗಿಮುದ್ದೆ ಕೊಟ್ಟು ಕೆಲವು ದಿನ ಕಾದಳು. ಏನೂ ಆಗಲಿಲ್ಲ. ಆಮೇಲೆ ಮೊಟ್ಟೆ ಕೊಟ್ಟು ಕಾದಳು. ಆಗಲೂ ಏನೂ ಆಗಲಿಲ್ಲ. ಗೋಧಿ ಪರೀಕ್ಷೆ ಮಾಡಲು ದಿನ ಸಾಲದೆಂದು ಅದನ್ನು ಮುಂದಕ್ಕೆ ಇಟ್ಟಳು.

ಆದರೆ ಅವಳಿಗೆ ಒಂದು ಹೆದರಿಕೆ ಉಳಿದೇ ಇತ್ತು. ಹುಣ್ಣಿಮೆಯ ದಿನ ಮಧ್ಯಾಹ್ನ ಕಡ್ಲೆಯನ್ನು ಕರೆದುಕೊಂಡು ಹೊಳೆಗೆ ಹೋಗಿ ಅದನ್ನು ಹೇಳಿಕೊಂಡಳು.

"ಇವತ್ತು ಊರು ಒಪ್ಕೊಳ್ಳತ್ತೆ ಕಣವ್ವ. ನಾಳೆಯಿಂದ ಮತ್ತೆ ಎಲ್ಲರೂ ಪ್ರೀತಿಯಿಂದ ಕೊಡ್ತಾರೆ. ಇದು ನೋಡದೆ ನುಂಗತ್ತೆ. ನಾನು ಎಷ್ಟು ಕೈ ಹಿಡೀಲಿ? ನನ್ನ ಕೈಯನ್ನೇ ನಾನು ಹಿಡಿದಿಡಲಿಲ್ಲ."

ಹೊಳೆಯಿಂದ ಒಂದು ಸಣ್ಣ ಅಲೆ ದಡಕ್ಕೆ ಬಂದು ಕಡ್ಲೆಯ ಮೂಗಿನ ತುದಿಗೆ ಒಂದು ಹನಿ ಅಂಟಿಸಿ ಹೋಯಿತು.

"ಇದನ್ನ ಒರೆಸಬೇಡ," ಎಂದಿತು ಹೊಳೆ. "ಒಣಗಿದ ಮೂಗಿಗೆ ವಾಸನೆ ನಿಲ್ಲಲ್ಲ. ಒದ್ದೆ ಮೂಗಿಗೆ ಅಂಟ್ಕೊಳ್ಳತ್ತೆ. ಕಡ್ಲೆ, ಇನ್ಮೇಲೆ ಬಾಯಿಗಿಂತ ಮೊದಲು ಮೂಗು ಹೋಗಲಿ. ತಿಳೀತಾ?"

ಕಡ್ಲೆ ಉಸಿರೆಳೆದುಕೊಂಡಿತು. ಮರುಕ್ಷಣ ಬೆದರಿ ಹಿಂದಕ್ಕೆ ಹಾರಿತು. ಜೊಂಡಿನ ವಾಸನೆ, ಕೆಸರಿನ ವಾಸನೆ, ಆಚೆ ದಡದ ಚಿರತೆಯ ವಾಸನೆ, ನಿನ್ನೆ ಹಾದುಹೋದ ಮೀನಿನ ವಾಸನೆ ಎಲ್ಲವೂ ಒಂದೇ ಸಲ ಒಳಗೆ ನುಗ್ಗಿದ್ದವು.

"ಅವ್ವಾ! ಲೋಕ ಇಷ್ಟೊಂದು ಇದೆಯಾ?"

ಸಂಜೆ ಊರೆಲ್ಲ ಹೊಳೆಯ ದಂಡೆಯಲ್ಲಿ ಸೇರಿತು. ಚಂದ್ರ ಗುಡ್ಡದ ಮೇಲೆ ಇಣುಕಿದ. ಕಾಟಯ್ಯ ಮೊಣಕಾಲೂರಿ ಕೂತು ಕಡ್ಲೆಯ ಕಿವಿ ಮಡಚಿ ನೋಡಿದ, ಹೊಟ್ಟೆ ನೋಡಿದ, ಕಾಲ್ಬೆರಳ ಸಂದಿ ನೋಡಿದ. ಎಲ್ಲೂ ಕೆಂಪಿರಲಿಲ್ಲ. ಬೋಳಾಗಿದ್ದ ಕಡೆಯೆಲ್ಲ ರೇಷ್ಮೆಯಂಥ ಕೂದಲು. ದುರುಗಕ್ಕನ ಕೈಯನ್ನೂ ತಿರುಗಿಸಿ ನೋಡಿದ. ಅವಳಿಗೆ ಏನೂ ಅಂಟಿರಲಿಲ್ಲ.

"ಹಾಲಿನಿಂದ ಆದದ್ದು," ಎಂದು ದುರುಗಕ್ಕ ಎಲ್ಲರ ಮುಂದೆ ಹೇಳಿದಳು. "ನಾನು ಕೊಟ್ಟ ಹಾಲು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಾಲಿನಿಂದ ಕೆಡುಕಾದೀತು ಎಂದರೆ ಯಾರು ನಂಬುತ್ತಾರೆ? ಕಾಟಯ್ಯನೂ ಅರ್ಧ ನಂಬಿದ, ಅರ್ಧ ಬಿಟ್ಟ. ಹೊಳೆಯ ಆಚೆಗೆ ಬಿಡಬೇಕು ಎಂದಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆ ಕಳೆಯಲೆಂದೇ ಮನೆಯಿಂದ ಒಂದು ಬಟ್ಟಲು ಶಾವಿಗೆ ಪಾಯಸ ತಂದಿದ್ದ. ಅದನ್ನು ಕಡ್ಲೆಯ ಮುಂದೆ ಇಟ್ಟ.

"ತಿನ್ನು ಮಗಾ. ತಪ್ಪಾಯ್ತು."

ದುರುಗಕ್ಕ ಬಾಯಿ ತೆರೆಯುವಷ್ಟರಲ್ಲಿ ಕಡ್ಲೆ ಬಟ್ಟಲಿಗೆ ಮುಖ ತಂದಾಗಿತ್ತು.

ಆದರೆ ಕಡ್ಲೆ ನುಂಗಲಿಲ್ಲ. ಬಟ್ಟಲಿನ ಅಂಚಿನಲ್ಲೇ ನಿಂತಿತು. ಮೂಗನ್ನು ಆ ಕಡೆ ಈ ಕಡೆ ಆಡಿಸಿತು. ಬೆಲ್ಲದ ವಾಸನೆ ಬಂತು, ಏಲಕ್ಕಿಯ ವಾಸನೆ ಬಂತು. ಅವೆರಡರ ಕೆಳಗಿನಿಂದ ಮೆತ್ತಗೆ, ಬೆಚ್ಚಗೆ ಹಾಲಿನ ವಾಸನೆ ಬಂತು. ಅದರ ಬಾಯಲ್ಲಿ ನೀರೂರಿತು. ಬಾಲ ಒಂದು ಸಲ ಅಲುಗಿತು. ಆಮೇಲೆ ಅದು ಮುಖ ತಿರುಗಿಸಿ, ಮೆಲ್ಲಗೆ ನಡೆದು ಬಂದು, ದುರುಗಕ್ಕನ ಕಾಲ ಹತ್ತಿರ ಕೂತಿತು.

ಕೊಟ್ಟ ಊಟವನ್ನು ಬೇಡವೆಂದು ಬಿಟ್ಟು ಬಂದ ಜೀವವನ್ನು ಊರವರು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಟಯ್ಯ ಬಟ್ಟಲನ್ನೊಮ್ಮೆ, ನಾಯಿಯನ್ನೊಮ್ಮೆ ನೋಡುತ್ತಾ ಕೂತಲ್ಲೇ ಕೂತ. ಇದಕ್ಕೆ ಏನು ಹೆಸರಿಡಬೇಕು ಎಂದು ಅವನಿಗೆ ಹೊಳೆಯಲಿಲ್ಲ.

ಕೊನೆಗೆ ಪಾಲಕ್ಕ ಮುಂದೆ ಬಂದಳು. ಬರಿಗೈಯನ್ನೇ ಚಾಚಿ, "ನಾನು ಏನು ಕೊಡಬಹುದು ದುರುಗಕ್ಕ? ನೀನು ಹೇಳಿದ್ದನ್ನೇ ಕೊಡ್ತೀನಿ," ಎಂದಳು.

"ರಾಗಿಮುದ್ದೆ ಒಂದು ಚೂರು ಕೊಡು," ಎಂದಳು ದುರುಗಕ್ಕ. ಅಷ್ಟು ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎರಡು ಹುಣ್ಣಿಮೆಯಿಂದ ಹಿಡಿದಿಟ್ಟಿದ್ದ ಅಳುವೆಲ್ಲ ಅವಳಿಗೆ ಆಗ ಬಂತು.

ಆಮೇಲೆ ಕಡ್ಲೆಗೆ ಮರಿಗಳಾದವು. ಆ ಮರಿಗಳಿಗೂ ಮರಿಗಳಾದವು. ಅವುಗಳಲ್ಲಿ ಕೆಲವಕ್ಕೆ ಹಾಲು ಒಗ್ಗಿತು, ಕೆಲವಕ್ಕೆ ಒಗ್ಗಲಿಲ್ಲ. ಕೆಲವಕ್ಕೆ ಮೊಟ್ಟೆ ಆಗಲಿಲ್ಲ, ಕೆಲವಕ್ಕೆ ಗೋಧಿ ಆಗಲಿಲ್ಲ. ತುರಿಕೆ ಲೋಕಕ್ಕೆ ಒಮ್ಮೆ ಬಂದದ್ದು ಪೂರ್ತಿ ಹೋಗಲೇ ಇಲ್ಲ. ಆದರೆ ಹೊಳೆ ಕೊಟ್ಟ ಹನಿಯೂ ಒಣಗಲಿಲ್ಲ. ಅದು ಕಡ್ಲೆಯ ಮೂಗಿನಿಂದ ಮರಿಯ ಮೂಗಿಗೆ, ಆ ಮರಿಯಿಂದ ಅದರ ಮರಿಗೆ ದಾಟುತ್ತಾ ಬಂತು.

ಅದಕ್ಕೇ ಇವತ್ತಿಗೂ ನೀವು ಎಷ್ಟೇ ಪ್ರೀತಿಯಿಂದ ಕೈ ಚಾಚಿದರೂ ನಿಮ್ಮ ಮನೆಯ ನಾಯಿ ಮೊದಲು ಒದ್ದೆ ಮೂಗು ತಾಗಿಸಿ, ಚೆನ್ನಾಗಿ ಮೂಸಿ ನೋಡಿ, ಆಮೇಲೇ ಬಾಯಿ ತೆರೆಯುತ್ತದೆ.